ಉತ್ಕರ್ಷಪುರದ ಆಕಾಶ ಚಂದಾ

ಬಹಳ ಹಿಂದೆ, ಆದರೆ ಮಳೆ ಮಾತ್ರ ಈಗಿನಂತೆಯೇ ಮೇಲಿನಿಂದ ಕೆಳಕ್ಕೆ ಬೀಳುತ್ತಿದ್ದ ಕಾಲದಲ್ಲಿ, ಉತ್ಕರ್ಷಪುರವೆಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ನವೋದ್ಯಮವರ್ಧನನು ಆಳುತ್ತಿದ್ದನು. ಅವನ ಆಸ್ಥಾನ ಮಂಟಪದ ಚಾವಣಿ ಸೋರುತ್ತಿತ್ತು.

ಅರಮನೆಯ ಇಂಜಿನಿಯರ್ ಭದ್ರಮ್ಮ ಏಣಿ ಹತ್ತಿ ನೋಡಿದಳು. ನಡುವಣ ತೊಲೆ ಕೊಳೆತಿತ್ತು. ಒತ್ತಿದರೆ ಚಹಾದಲ್ಲಿ ನೆನೆದ ರಸ್ಕಿನಂತೆ ಬೆರಳು ಒಳಗೇ ಹೋಯಿತು. ಅವಳು ಇಳಿದು ಬಂದು ಕೈ ಮುಗಿದಳು.

"ತೊಲೆ ಬದಲಾಯಿಸ್ಬೇಕು ಪ್ರಭೂ. ಇಲ್ದಿದ್ರೆ ಈ ಮಳೆಗಾಲ ದಾಟೋದು ಅನುಮಾನ."

ಪಕ್ಕದಲ್ಲಿದ್ದ ಉದ್ಯಮಶೀಲತಾ ಮಂತ್ರಿ ಅವಕಾಶಗುಪ್ತನು ನಿಟ್ಟುಸಿರು ಬಿಟ್ಟನು. ಅವನು ಈಚೆಗಷ್ಟೇ ನೆರೆರಾಜ್ಯದ ಕಾರ್ಯಾಗಾರವೊಂದಕ್ಕೆ ಹೋಗಿ, ಒಂದು ಸರ್ಟಿಫಿಕೇಟನ್ನೂ ಒಂದು ಬಟ್ಟೆಚೀಲವನ್ನೂ ಸಂಪಾದಿಸಿಕೊಂಡು ಬಂದಿದ್ದನು.

"ಬದಲಾಯಿಸೋದು, ಸರಿಪಡಿಸೋದು, ಇದೆಲ್ಲ ಸಂಬಳಕ್ಕೆ ಕೆಲಸ ಮಾಡೋರ ಭಾಷೆ ಭದ್ರಮ್ಮನವರೇ. ನೀವು ಇಂಜಿನಿಯರ್ ಥರ ಯೋಚನೆ ಮಾಡ್ತಿದ್ದೀರಿ."

"ನಾನು ಇಂಜಿನಿಯರೇ ಅಲ್ವಾ ಸ್ವಾಮಿ?"

"ಅದೇ ನಿಮ್ಮ ವೃತ್ತಿಜೀವನಕ್ಕೆ ದೊಡ್ಡ ಅಡ್ಡಿ."

ಮಹಾರಾಜನಿಗೆ ಈ ಮಾತು ಬಹಳ ಹಿಡಿಸಿತು. ಸಂಜೆಯೊಳಗೆ ಡಂಗುರ ಸಾರಲಾಯಿತು: ಇಂದಿನಿಂದ ರಾಜ್ಯದ ಯಾವ ಇಂಜಿನಿಯರೂ ಏನನ್ನೂ ದುರಸ್ತಿ ಮಾಡತಕ್ಕದ್ದಲ್ಲ. ಪ್ರತಿಯೊಂದು ಬಿರುಕಿನಲ್ಲೂ ಅವಕಾಶವನ್ನು ಕಾಣತಕ್ಕದ್ದು. ಕಾಣದವರು ಮನೆಗೆ ಹೋಗತಕ್ಕದ್ದು.

ಫಲಿತಾಂಶ ಕೂಡಲೇ ಕಾಣಿಸಿತು. ಮುರಿದ ಸೇತುವೆಯ ಇಂಜಿನಿಯರು ನದಿ ದಡದಲ್ಲೇ ಈಜು ತರಬೇತಿ ಕೇಂದ್ರ ತೆರೆದನು. ಭದ್ರಮ್ಮ ಮಾತ್ರ ಕದ್ದುಮುಚ್ಚಿ ಚಾವಣಿಗೆ ಒಂದು ಮರದ ಕಂಬದ ಆಸರೆ ಕೊಟ್ಟಳು. ಅವಕಾಶಗುಪ್ತನು ಅದನ್ನು ಹಳೆಯ ಮನಃಸ್ಥಿತಿಯೆಂದು ತೆಗೆಸಿಹಾಕಿದನು.

ಕೊನೆಗೆ ಅವಳ ಸರದಿ ಬಂತು. ತುಂಬಿದ ಸಭೆಯ ನಡುವೆ, ತಲೆಯ ಮೇಲೆ ತೊಟ್ಟಿಕ್ಕುತ್ತಿರುವಾಗ, ತನ್ನ ಐಡಿಯಾ ಮಂಡಿಸಬೇಕಾಗಿತ್ತು. ಭದ್ರಮ್ಮನಿಗೆ ರೇಗಿಹೋಯಿತು.

"ಇನ್ನೇನು ಹೇಳ್ಲಿ? ಸೋರೋ ನೀರನ್ನೇ ಹಿಡಿದು ಮಾರಿ!"

ಮಹಾರಾಜನ ಕಣ್ಣುಗಳು ಒದ್ದೆಯಾದವು. ಭಾವಾವೇಶದಿಂದಲೋ ಚಾವಣಿಯಿಂದಲೋ ತಿಳಿಯಲಿಲ್ಲ. ಮರುಕ್ಷಣ ಚಪ್ಪಾಳೆಯೋ ಚಪ್ಪಾಳೆ.

"ತಮಾಷೆಗೆ ಹೇಳ್ದೆ ಪ್ರಭೂ," ಎಂದಳು ಭದ್ರಮ್ಮ ಗಾಬರಿಯಿಂದ.

"ಆಹಾ, ಎಂಥ ವಿನಯ!" ಎಂದರು ಆಸ್ಥಾನಿಕರು.

ಅವಳಿಗೆ 'ಉದ್ಯಮ ಶಿರೋಮಣಿ' ಬಿರುದೂ ಒಂದು ಪಲ್ಲಕ್ಕಿಯೂ ದೊರೆತವು. ಸುಳ್ಳೇಕೆ, ಅವಳಿಗೆ ಖುಷಿಯಾಯಿತು. ಇಷ್ಟು ವರ್ಷ ಅವಳು ನಿಲ್ಲಿಸಿದ ಗೋಡೆಗಳಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನಿಂತ ಗೋಡೆಯನ್ನು ಯಾರು ತಾನೇ ನೋಡುತ್ತಾರೆ? ಆ ದಿನ ಹೊರಡುವಾಗ ಅವಳು ಚಾವಣಿಯ ಕಡೆ ಕಣ್ಣೆತ್ತಲಿಲ್ಲ.

ಸೋರಿದ ನೀರು 'ರಾಜಬಿಂದು' ಎಂಬ ಹೆಸರಲ್ಲಿ ಪುಟ್ಟ ಕುಡಿಕೆಗಳಲ್ಲಿ ಮಾರಾಟಕ್ಕೆ ಬಂತು. ಪ್ರತಿ ಮನೆಯೂ ಕೊಳ್ಳಲೇಬೇಕೆಂದು ಆಜ್ಞೆಯಾದ್ದರಿಂದ ಬೇಡಿಕೆ ಅದ್ಭುತವಾಗಿತ್ತು. ತೊಟ್ಟಿಕ್ಕುವುದು ಸಾಲದಾಯಿತು.

"ಬಿರುಕು ಅಗಲ ಮಾಡೋಣ ಮೇಡಂ, ಸ್ಕೇಲ್ ಅಪ್," ಎಂದನು ಅವಕಾಶಗುಪ್ತ.

"ತೊಲೆ ನಿಲ್ಲಲ್ಲ ಸ್ವಾಮಿ."

"ಸ್ಥಾಪಕರೇ ಹೀಗೆ ಅನುಮಾನಪಟ್ರೆ ಹೇಗೆ? ಹೂಡಿಕೆದಾರರು ನೋಡ್ತಿದ್ದಾರೆ."

ಹೂಡಿಕೆದಾರರು ನಿಜಕ್ಕೂ ನೋಡುತ್ತಿದ್ದರು. ಭದ್ರಮ್ಮ ತಾನೇ ಹಾರೆ ಎತ್ತಿಕೊಂಡು ಏಣಿ ಹತ್ತಿದಳು.

ಮರುದಿನ ಮಧ್ಯಾಹ್ನ, ಸಭೆಯೆಲ್ಲ ಊಟಕ್ಕೆ ಎದ್ದಿದ್ದಾಗ, ಚಾವಣಿ ಪೂರ್ತಿ ಕುಸಿಯಿತು. ಮಹಾರಾಜನು ಕೈ ಒರೆಸಿಕೊಳ್ಳುತ್ತ ಬಂದು, ಸಿಂಹಾಸನವಿದ್ದ ಜಾಗದಲ್ಲಿ ಇಟ್ಟಿಗೆಯ ರಾಶಿಯನ್ನೂ ಮೇಲೆ ಮೋಡವನ್ನೂ ಕಂಡನು.

"ಇದೇನು?"

"ಓಪನ್ ಪ್ಲಾಟ್‌ಫಾರ್ಮ್, ಮಹಾಪ್ರಭು," ಎಂದನು ಅವಕಾಶಗುಪ್ತ.

"ನಾವೂ ಹಾಗೇ ಅಂದುಕೊಂಡೆವು," ಎಂದನು ಮಹಾರಾಜ.

ಇಂಥ ಸೌಭಾಗ್ಯ ಅರಮನೆಗಷ್ಟೇ ಸೀಮಿತವಾಗಬಾರದೆಂದು ಪ್ರಜೆಗಳ ಮನೆಗಳ ಹೆಂಚುಗಳನ್ನೂ ಇಳಿಸಲಾಯಿತು. ಅನಾವರಣಗೊಂಡ ಆಕಾಶಕ್ಕೆ ತಿಂಗಳ ಚಂದಾ ನಿಗದಿಯಾಯಿತು. ಕೊಡೆ ಹಿಡಿಯುವುದು ಪ್ರೀಮಿಯಂ ಸೌಲಭ್ಯ. ಆಜ್ಞೆಗೆ ಸಹಿ ಹಾಕಿದವಳು ಭದ್ರಮ್ಮ.

ಮಳೆ ಹಿಡಿದ ಒಂದು ಬೆಳಗ್ಗೆ ಅವಳ ಪಲ್ಲಕ್ಕಿ ಕುಂಬಾರಗೇರಿಗೆ ಪರಿಶೀಲನೆಗೆ ಹೋಯಿತು. ಹೊನ್ನಾಜಮ್ಮನೆಂಬ ಮುದುಕಿ ಸೂರಿಲ್ಲದ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಅನ್ನದ ಪಾತ್ರೆಗೆ ಮೊರ ಅಡ್ಡ ಹಿಡಿದು ಕುಳಿತಿದ್ದಳು.

"ಇಂಜಿನಿಯರಮ್ಮಾ, ಅರಮನೆ ಚಾವಣಿ ಬೀಳುತ್ತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಲ್ವಾ?" ಎಂದು ಕೇಳಿದಳು. ಕೋಪವಿರಲಿಲ್ಲ, ತಿಳಿದುಕೊಳ್ಳಬೇಕಿತ್ತು, ಅಷ್ಟೆ.

ಹೌದು ಎನ್ನಲು ಭದ್ರಮ್ಮ ಬಾಯಿ ತೆರೆದಳು. ಹೊರಬಂದದ್ದು ಮಾತ್ರ, "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ."

ತನ್ನ ದನಿ ಕೇಳಿ ಅವಳೇ ಬೆಚ್ಚಿದಳು. ಅಷ್ಟರಲ್ಲಿ ಚಂದಾ ವಸೂಲಿಯವನು ಮುಂದೆ ಬಂದು ಕೈ ಚಾಚಿದನು. ಹೊನ್ನಾಜಮ್ಮ ಮೊರ ಕೆಳಗಿಟ್ಟು ಸೊಂಟದ ಚೀಲ ಬಿಚ್ಚತೊಡಗಿದಳು. ಮಳೆ ನೇರವಾಗಿ ಅನ್ನದ ಪಾತ್ರೆಗೆ ಸುರಿಯಿತು.