ಬಿಸ್ಕತ್ತು ಕಳ್ಳರನ್ನು ಹಿಡಿದುಕೊಟ್ಟ ಬಿಳಿ ಬೋಗುಣಿಗೆ

ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯಲ್ಲಿ, ಎ.ಸಿ.ಯ ತಂಪಿನಲ್ಲಿ ವಿರಾಜಮಾನರಾಗಿರುವ ದೃಷ್ಟಿ ಪರೀಕ್ಷೆಯ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಹಿಟ್ಟು ಕಲಸುವ ಬೋಗುಣಿಯನ್ನು ಅಡ್ಡ ಮಲಗಿಸಿದಂತಿರುವ ತಮ್ಮ ಶ್ರೀಮುಖದೊಳಗೆ ನನ್ನ ಬಡಮುಖವನ್ನು ತೂರಿಸಿ ಕೂರುವ ಭಾಗ್ಯ ಕಳೆದ ವಾರ ಒದಗಿ ಬಂದದ್ದಕ್ಕೆ ಮೊದಲು ವಂದನೆಗಳು. ಬೇಕರಿ ನಡೆಸುವ ನನಗೆ ಬೋಗುಣಿಗಳ ಪರಿಚಯ ಚೆನ್ನಾಗಿಯೇ ಇದೆ. ಆದರೆ ನನ್ನನ್ನೇ ಕಲಸಿ ಹಾಕಿದ ಬೋಗುಣಿ ತಾವೊಬ್ಬರೇ.

ಫಿಟ್ಸ್ ಬಾರದಿರಲೆಂದು ನಾನು ನುಂಗುವ ಮಾತ್ರೆಯು ಕೆಲವರ ಕಣ್ಣಿನ ಒಳಪರದೆಯನ್ನು ಸದ್ದಿಲ್ಲದೆ ಕೆಡಿಸಿ ಅಂಚಿನ ನೋಟವನ್ನು ಕಸಿದುಕೊಳ್ಳಬಹುದೆಂದೂ, ಆಗಾಗ ತಮ್ಮ ದರ್ಶನ ಪಡೆಯಬೇಕೆಂದೂ ಡಾಕ್ಟರಮ್ಮ ಹೇಳುತ್ತಲೇ ಇದ್ದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಡಗಡನೆ ಓದುವವಳಿಗೆ ಇದೆಲ್ಲ ಯಾಕೆ ಬೇಕೆಂದು ನಾನು ಕಡೆಗಣ್ಣನ್ನೇ ಕಡೆಗಣಿಸಿದೆ. ತಾವೋ, ಒಂದೊಂದೇ ಕಣ್ಣಿಗೆ ಪಟ್ಟಿ ಕಟ್ಟಿಸಿ, ನಡುವಿನ ಚುಕ್ಕೆಯನ್ನೇ ನೋಡೆಂದು ಅಪ್ಪಣೆ ಮಾಡಿ, ಮೂಲೆಮೂಲೆಯಲ್ಲಿ ಮಿಣುಕು ದೀಪ ಹಚ್ಚಿ, ಕಂಡರೆ ಗುಂಡಿ ಒತ್ತೆಂದಿರಿ. ನಾನು ಕಾದೆ. ದೀಪ ಬರಲೇ ಇಲ್ಲ. ತಮಗೆ ನಿದ್ದೆ ಹತ್ತಿತೆಂದು ಭಾವಿಸಿ ಗೌರವದಿಂದ ಸುಮ್ಮನಿದ್ದೆ. ಆಮೇಲೆ ತಾವು ಉಗುಳಿದ ಹಾಳೆಯಲ್ಲಿ ಎರಡೂ ಕಣ್ಣಿನ ಅಂಚು, ಓವನ್‌ನಲ್ಲಿ ಮರೆತ ಬಿಸ್ಕತ್ತಿನ ಹಾಗೆ, ಕರ್ರಗಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ದೂರುತ್ತಿರಲಿಲ್ಲ. ತಾವು ನನ್ನ ಸಂಸಾರಕ್ಕೂ ಕೈ ಹಾಕಿದಿರಿ. ನನ್ನ ಯಜಮಾನರಿಗೆ ಸಕ್ಕರೆ ಕಾಯಿಲೆ. ನಾನು ಹಿಟ್ಟು ನಾದುವಾಗ ಎಡಗಡೆ ಆರಲಿಟ್ಟ ಟ್ರೇಯತ್ತ ಅವರ ಕೈ ಹೋದರೆ, ತಲೆ ಎತ್ತದೆಯೇ ಫಟ್ಟೆಂದು ಬಾರಿಸುವುದು ನನ್ನ ಹಳೆಯ ವಿದ್ಯೆ. ಈಚೆಗೆ ಅವರು ಕದಿಯುವುದನ್ನೇ ಬಿಟ್ಟಿದ್ದಾರೆಂದು ನೆರೆಹೊರೆಯವರ ಮುಂದೆಲ್ಲ ಹೊಗಳಿದ್ದೆ. ಆದರೂ ಸಕ್ಕರೆ ಏರುತ್ತಿದೆಯಲ್ಲ ಎಂದು ಲ್ಯಾಬಿನವರನ್ನು ಬೈದಿದ್ದೆ. ತಮ್ಮ ಹಾಳೆ ನೋಡಿದ ಯಜಮಾನರು, "ಅಯ್ಯೋ, ದಿನಾ ನಿನ್ನ ಪಕ್ಕದಲ್ಲೇ ನಿಂತು ತಿಂತಿದ್ದೆ ಕಣೇ. ನೀನು ಹೊಡೀಲಿಲ್ಲ. ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿದೆ ಅಂದ್ಕೊಂಡೆ" ಎಂದರು. ಅವರ ಆ ಸಂತೋಷವನ್ನೂ ತಾವು ಉಳಿಸಲಿಲ್ಲ.

ಹೋದ ಅಂಚು ಮರಳುವುದಿಲ್ಲವಂತೆ. ಉಳಿದದ್ದನ್ನು ಉಳಿಸಲು ಡಾಕ್ಟರಮ್ಮ ಈ ಮಾತ್ರೆಯನ್ನು ನಿಧಾನವಾಗಿ ಇಳಿಸಿ ಬೇರೊಂದನ್ನು ಏರಿಸುತ್ತಿದ್ದಾರೆ. ನನಗೆ ಭಯವಾಗಿದೆ, ಮಾನ್ಯರೇ. ಹಳೆಯ ಮಾತ್ರೆ ಬರುವ ಮೊದಲು ಕಾದ ಓವನ್‌ನ ಮುಂದೆಯೇ ಒಮ್ಮೆ ಬಿದ್ದವಳು ನಾನು. ಆದ್ದರಿಂದ ತಾವು ಹೊಸ ಮಾತ್ರೆಯವರಿಗೆ ಒಂದು ಮಾತು ಹೇಳಿ ಫಿಟ್ಸನ್ನು ಬಾಗಿಲಲ್ಲೇ ತಡೆಸಬೇಕಾಗಿಯೂ, ಸಾಧ್ಯವಾದರೆ ಆ ಕಪ್ಪು ಅಂಚನ್ನು ರಬ್ಬರಿನಿಂದ ಉಜ್ಜಿಕೊಡಬೇಕಾಗಿಯೂ ಸವಿನಯ ಕೋರುತ್ತೇನೆ.

ಇನ್ನು ಕರೆದಾಗಲೆಲ್ಲ ಬಂದು ಬೋಗುಣಿಗೆ ಮುಖವೊಡ್ಡುವ,

ತಮ್ಮ ವಿಶ್ವಾಸಿ,
ನಡುವೆ ಮಾತ್ರ ನೆಟ್ಟಗೆ ಕಾಣುವ ಬೇಕರಿಯವಳು

ತಾ.ಕ.: ತಮಗಿಂತ ಎಷ್ಟೋ ಮೊದಲೇ ನನ್ನ ಕಣ್ಣಿನ ದೋಷವನ್ನು ಗೊತ್ತಿಲ್ಲದೆಯೇ ಕಂಡುಹಿಡಿದ ನಮ್ಮನೆಯ ಬಿಸ್ಕತ್ತು ಕಳ್ಳರು ಈಗಲೂ ಎಡಗಡೆಯೇ ನಿಲ್ಲುತ್ತಾರೆ. ಕೈ ಚಾಚುವ ಮುನ್ನ ಸಣ್ಣಗೆ ಕೆಮ್ಮುತ್ತಾರೆ. ನಾನು ತಲೆ ಎತ್ತದೆ ಬಾರಿಸುತ್ತೇನೆ. ನನಗೆ ಕಂಡಿತೆಂದೇ ಇಬ್ಬರೂ ನಂಬಿಕೊಂಡಿದ್ದೇವೆ. ಎಲ್ಲವನ್ನೂ ಅಚ್ಚು ಹಾಕಿ ಕೊಡುವ ಚಟವಿರುವ ತಾವು ಇದೊಂದು ವಿಷಯದಲ್ಲಾದರೂ ದಯವಿಟ್ಟು ಬಾಯಿ ಬಿಡಬಾರದು.