ಅತ್ತೆಯ ಹಸಿ ಊಟ, ನನ್ನ ಒಣ ಭಯ

ನಾನು ಹುಟ್ಟಾ ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಕುಕ್ಕರ್ ಮೂರನೇ ಸೀಟಿ ಕೂಗುವ ಮುಂಚೆ ನಾನು ಅಡುಗೆಮನೆಯಿಂದ ಹೊರಗೆ ಬಂದು ನಿಂತಿರುತ್ತೇನೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದದ್ದಕ್ಕಂತೂ ಲೆಕ್ಕವಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲೇ ಯಾರೋ ಹೋಗಿಬಿಟ್ಟರು ಎಂದು ತೀರ್ಮಾನಿಸಿ ಕಣ್ಣಲ್ಲಿ ನೀರು ತಂದುಕೊಂಡಿರುತ್ತೇನೆ. ಎತ್ತಿದರೆ ಯಾರೋ ಬ್ಲೌಸಿನ ಹುಕ್ ಕೇಳುತ್ತಿರುತ್ತಾರೆ. ಹೊಸನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಅಲ್ಲಿ ಕೂತು ದಿನವೆಲ್ಲ ಹೊಲಿಯುತ್ತೇನೆ, ಹೆದರುತ್ತೇನೆ. ಎರಡೂ ಒಟ್ಟಿಗೆ ಸಾಗುವ ಕೆಲಸ.

ನನ್ನ ಅತ್ತೆ ಗಿರಿಜಮ್ಮ ಇದಕ್ಕೆ ಪೂರ್ತಿ ಉಲ್ಟಾ. ಎಪ್ಪತ್ತು ದಾಟಿದರೂ ಬಚ್ಚಲಿಗೆ ಬಂದ ಕೇರೆ ಹಾವನ್ನು ಪೊರಕೆಯಲ್ಲಿ ತಳ್ಳಿ, "ಹೋಗಾ ಅತ್ಲಾಗೆ" ಎಂದು ಗದರಿದವರು. ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದಾಗಲೂ, ಯಾರದೋ ಮನೆಯ ಸುದ್ದಿ ಎನ್ನುವ ಹಾಗೆ ಕೇಳಿಸಿಕೊಂಡು ಬಂದಿದ್ದರು. ಅಂಥವರು ಈ ವರ್ಷ ಸಾಗರದ ಹತ್ತಿರ ಎಲ್ಲೋ ನಡೆದ ಹತ್ತು ದಿನದ ಆರೋಗ್ಯ ಶಿಬಿರಕ್ಕೆ ಹೋದರು. ವಾಪಸ್ ಬರುವ ದಿನ ನಾನು ಅವರಿಗೆ ಇಷ್ಟವೆಂದು ಕಡುಬು ಬೇಯಿಸಿದ್ದೆ. ಅತ್ತೆ ಹಬೆಯಾಡುತ್ತಿದ್ದ ಕಡುಬನ್ನು ಹೆಣ ನೋಡಿದ ಹಾಗೆ ನೋಡಿದರು.

"ಸುಜಾತ, ಇನ್ನು ನಂಗೆ ಬೇಯಿಸಿದ್ದು ಬ್ಯಾಡ. ಒಲೆ ಮೇಲೆ ಇಟ್ಟ ಕೂಡ್ಲೆ ಅದರ ಜೀವ ಹೋತು. ಹಸೀದೇ ಕೊಡು."

ನಮ್ಮ ಮನೆಯವರು ಪಂಚಾಯಿತಿ ಆಫೀಸಿನಲ್ಲಿ ಕೆಲಸ ಮಾಡುವವರು. ಯಾವ ಸಮಸ್ಯೆಯನ್ನೂ ಮುಂದಿನ ಸಭೆಗೆ ಹಾಕುವುದು ರೂಢಿ. "ನಾಲ್ಕು ದಿನ ಅಷ್ಟೆ, ಬಿಡು" ಎಂದು ತಾಯಿಯ ಪಾಲಿನ ಕಡುಬನ್ನೂ ತಮ್ಮ ತಟ್ಟೆಗೆ ಹಾಕಿಕೊಂಡರು.

ನಾಲ್ಕು ದಿನ ನಾಲ್ಕು ವಾರವಾಯಿತು. ಮೊಳಕೆ ಹೆಸರುಕಾಳು, ಸೌತೆಕಾಯಿ, ಕಾಯಿತುರಿ, ಕ್ಯಾರೆಟ್. ಅತ್ತೆ ಇಳಿಯುತ್ತ ಹೋದರು. ಎಷ್ಟು ಇಳಿದರೆಂದು ತಕ್ಕಡಿ ಬೇಕಿರಲಿಲ್ಲ, ನನ್ನ ಕೈಯಲ್ಲೇ ಟೇಪು ಇತ್ತು. ಮೊದಲು ಅವರ ಬ್ಲೌಸುಗಳನ್ನು ಎರಡೂ ಪಕ್ಕ ಅರ್ಧ ಇಂಚು ಹಿಡಿದೆ. ಹದಿನೈದು ದಿನಕ್ಕೆ ಮತ್ತೆ ಅರ್ಧ ಇಂಚು. ಸೀರೆಗೆ ಫಾಲ್ಸ್ ಹಾಕಿಸಲು ಬಂದ ಹೆಂಗಸೊಬ್ಬಳು ಒಳಗೆ ಇಣುಕಿ, "ಎಂತಕ್ಕೆ ಅಜ್ಜಿ ಹಿಂಗೆ ಇಳ್ದು ಹೋಗಿದಾರೆ? ಹುಷಾರಿಲ್ವಾ?" ಎಂದಳು. ಅವಳು ಕೇಳಿದ್ದು ಅಷ್ಟೇ. ನನಗೆ ಕೇಳಿಸಿದ್ದು, 'ನೀನು ಅನ್ನ ಹಾಕಲ್ವಾ?' ಎಂದು. ಅತ್ತೆಯನ್ನು ಉಪವಾಸ ಕೆಡವಿದ ಸೊಸೆ ಎಂದು ಇಡೀ ಪೇಟೆ ಆಡಿಕೊಳ್ಳುವುದು ನನ್ನ ಕಿವಿಯಲ್ಲಿ ಆಗಲೇ ಶುರುವಾಗಿತ್ತು.

ಅದಕ್ಕಿಂತ ದೊಡ್ಡ ಭಯವೊಂದಿತ್ತು: ಸರೋಜಕ್ಕ. ನಮ್ಮ ಮನೆಯವರ ಅಕ್ಕ, ತೀರ್ಥಹಳ್ಳಿಯಲ್ಲಿ ಇದ್ದಾರೆ, ನರ್ಸ್ ಆಗಿ ನಿವೃತ್ತರಾದವರು. ಅವರ ಮುಂದೆ ನಿಂತರೆ ಇಲ್ಲದ ಕಾಯಿಲೆಯೂ ನನಗೆ ಬಂದಿರುತ್ತದೆ. ತಾಯಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಅತ್ತೆ ಪ್ರತಿ ಸಲ "ಆರಾಮಿದೀನಿ ಕಣೆ" ಎಂದು ಹೇಳಿ ಇಡುತ್ತಿದ್ದರು. ನಾನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತೆ ಹಸಿ ಕ್ಯಾರೆಟ್ ಅಗಿಯುತ್ತ, "ಕರುಂ ಕುರುಂ ಅನ್ನೋದು ಏನಾರ ಬೇಕು ಅನ್ನಿಸ್ತದೆ" ಎಂದರು. ಅದಕ್ಕೂ ಶಿಬಿರದಲ್ಲಿ ದಾರಿ ಹೇಳಿದ್ದರಂತೆ. ಡಿಹೈಡ್ರೇಟರ್ ಎಂಬ ಮೆಷಿನ್ ಇದೆ. ಮೊಳಕೆ ಕಾಳನ್ನು ರುಬ್ಬಿ ತೆಳ್ಳಗೆ ಹಚ್ಚಿ ಅದರಲ್ಲಿಟ್ಟರೆ ಬಿಸಿಗಾಳಿಗೆ ರೊಟ್ಟಿಯ ಹಾಗೆ ಒಣಗುತ್ತದೆ. ನಲವತ್ತೆರಡು ಡಿಗ್ರಿ ದಾಟದಿದ್ದರೆ ಅದು ಹಸಿಯದೇ ಲೆಕ್ಕ. "ನೀನೇ ನೋಡಿ ಒಂದು ತಗಂಡು ಬಾ. ಅವನನ್ನ ಕಳಿಸಿದ್ರೆ ಇಸ್ತ್ರಿ ಪೆಟ್ಟಿಗೆ ತರ್ತಾನೆ" ಎಂದರು.

ರೊಟ್ಟಿಯಾದರೂ ತಿಂದರೆ ಮೈ ಹಿಡಿದೀತು ಎಂಬ ಆಸೆಯಿಂದ ಒಪ್ಪಿದೆ. ಆಮೇಲೆ ಫೋನಿನಲ್ಲಿ ವಿಡಿಯೋ ನೋಡುತ್ತ ಕೂತೆ, ಭಯ ಬೆಳೆಯಿತು. ಮೆಷಿನ್ ಹತ್ತು ಹನ್ನೆರಡು ಗಂಟೆ ಉರಿಯುತ್ತಲೇ ಇರಬೇಕು. ಬಿಸಿ ಹೆಚ್ಚಾದರೆ ರೊಟ್ಟಿ ಬೆಂದು ಹೋಗಿ ಅತ್ತೆಯ ವ್ರತ ಕೆಡುತ್ತದೆ. ಕಡಿಮೆಯಾದರೆ ಒದ್ದೆಯಾಗೇ ಉಳಿದು ಬೂಷ್ಟು ಹಿಡಿದು ಅತ್ತೆಯೇ ಕೆಡುತ್ತಾರೆ. ನಡುವೆ ಕರೆಂಟು ಹೋದರೆ? ನಮ್ಮೂರಲ್ಲಿ ಕರೆಂಟು ಹೋಗುವುದಕ್ಕೆ ಕಾರಣವೇ ಬೇಕಿಲ್ಲ. ಬಿಸಿಲಿಗೆ ಹರವೋಣವೆಂದರೆ ತಾರಸಿಯ ಮೇಲೆ ಮಂಗಗಳು. ಆಗಲಾದರೂ ತಿಂದು ಸತ್ತರೆ ಮಂಗ ಸಾಯುತ್ತದೆ ಎಂಬ ಒಂದು ಸಮಾಧಾನವಿತ್ತು.

ಸಾಗರದ ಅಂಗಡಿಯವರು ಎರಡು ಮೆಷಿನ್ ತೆಗೆದು ಮೇಜಿನ ಮೇಲಿಟ್ಟರು. ಒಂದು ಪ್ಲಾಸ್ಟಿಕ್ಕಿನದು, ಗುಂಡಗೆ, ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಜಾಲರಿ, ತಳದಲ್ಲಿ ಫ್ಯಾನು. ಇನ್ನೊಂದು ಸ್ಟೀಲ್ ಪೆಟ್ಟಿಗೆ, ಗಾಜಿನ ಬಾಗಿಲು, ಹಿಂದೆ ಫ್ಯಾನು, ಮುಂದೆ ಡಿಗ್ರಿ ತೋರಿಸುವ ಅಂಕಿ. ನಾನು ಶಾಕ್ ಹೊಡೆಯುತ್ತದೆಯೇ, ಬೆಂಕಿ ಹತ್ತುತ್ತದೆಯೇ, ಬಾಗಿಲು ಸಿಡಿಯುತ್ತದೆಯೇ ಎಂದು ಒಂದೊಂದಾಗಿ ಕೇಳಿದೆ.

"ಅಕ್ಕಾ, ಇಷ್ಟು ವರ್ಷ ಮಿಕ್ಸಿ ಮಾರಿದೀನಿ. ಜನ ಚಟ್ನಿ ನುಣ್ಣಗಾಗ್ತದಾ ಅಂತ ಕೇಳ್ತಾರೆ. ನೀವೊಬ್ರೇ ನೋಡಿ, ಜೀವ ತೆಗೀತದಾ ಅಂತ ಕೇಳಿದ್ದು" ಎಂದರು ಅವರು.

ಅಂಕಿಯನ್ನು ನಂಬುವುದು ಹೇಗೆ? ಸ್ಟೀಲ್ ಪೆಟ್ಟಿಗೆಯನ್ನು ಚಾಲೂ ಮಾಡಿಸಿ, ಬ್ಯಾಗಿನಿಂದ ಜ್ವರ ನೋಡುವ ಥರ್ಮಾಮೀಟರ್ ತೆಗೆದು ಅದರೊಳಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅದು ಕುಯ್ಯೆಂದು ಕೂಗಿ, ತನ್ನ ಅಳತೆ ಮೀರಿತು ಎಂಬಂತೆ ಬರೀ ಒಂದು ಅಕ್ಷರ ತೋರಿಸಿ ಸುಮ್ಮನಾಯಿತು. ಅಂಗಡಿಯವರು ಗಂಭೀರವಾಗಿ, "ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕೇನೋ ಇದನ್ನ" ಎಂದರು. ಏನನ್ನೂ ಕೊಳ್ಳದೆ ಬಸ್ ಹತ್ತಿದೆ.

ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು, "ಸರೋಜನ ಮನೇಲಿ ಅಂಥದ್ದೊಂದು ಇದೆಯಲ್ಲೇ, ಬಾಳೆಹಣ್ಣು ಒಣಗಿಸ್ತಾಳೆ. ನಾಳೆ ಹೋಗಿ ನೋಡ್ಕೊಂಡು ಬರನ, ನಾನೂ ಬತ್ತೀನಿ" ಎಂದರು. ಬೇಡವೆನ್ನಲು ಒಂದು ನೆಪವೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಅವರ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾನೇ ಕೈಗಿತ್ತೆ. ನಾಲ್ಕು ಹೋಳು ಸೌತೆಕಾಯಿ ತಿಂದು ಹೊರಟರು. ತೀರ್ಥಹಳ್ಳಿಯಲ್ಲಿ ಬಸ್ಸಿಳಿದು ಸರೋಜಕ್ಕನ ಮನೆ ಮುಟ್ಟುವಾಗ ಹನ್ನೊಂದು ಗಂಟೆ. ಬಾಗಿಲು ತೆಗೆದ ಸರೋಜಕ್ಕ ತಾಯಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಮೊದ್ಲು ಮೆಷಿನ್ ತೋರ್ಸೆ" ಎಂದರು ಅತ್ತೆ. ಅಡುಗೆಮನೆಯಲ್ಲಿ ಗುಂಡಗಿನದು ಇತ್ತು. ಸರೋಜಕ್ಕ ಜಾಲರಿ ತೆಗೆದು ತೋರಿಸುತ್ತ, "ಇದು ತಗಬ್ಯಾಡ ಸುಜಾತ. ಕೆಳಗಿಂದು ಒಣಗ್ತದೆ, ಮೇಲಿಂದು ಹಸಿ ಉಳೀತದೆ. ಗಳಿಗೆಗೊಂದ್ಸಲ ತಟ್ಟೆ ಬದಲಾಯಿಸ್ಬೇಕು. ಪೆಟ್ಟಿಗೆ ಥರದ್ದೇ..." ಎನ್ನುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಅತ್ತೆ ಕಟ್ಟೆ ಹಿಡಿದು ನಿಂತಿದ್ದರು. ಮುಖದ ಮೇಲೆ ಬೆವರು ನೀರಿನ ಹಾಗೆ ಇಳಿಯುತ್ತಿತ್ತು. ಕೈ ಅದುರುತ್ತಿತ್ತು.

"ಅತ್ತೇ" ಎಂದೆ.

ಸರೋಜಕ್ಕ ಅವರನ್ನು ಕೂರಿಸಿ, ಬೆರಳಿಗೆ ಚುಚ್ಚಿ ಮೀಟರ್ ನೋಡಿದರು. "ಸಕ್ಕರೆ ಪೂರ್ತಿ ಇಳ್ದಿದೆ. ಬೆಳಿಗ್ಗೆ ಮಾತ್ರೆ ತಗಂಡಿದೀಯಾ? ಎಂತ ತಿಂದೆ?"

"ಸೌತೆಕಾಯಿ" ಎಂದೆ ನಾನು.

ಸರೋಜಕ್ಕ ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು. ಲೋಟದಲ್ಲಿ ನಾಲ್ಕು ಚಮಚ ಸಕ್ಕರೆ ಕದಡಿ ತಾಯಿಯ ಬಾಯಿಗೆ ಹಿಡಿದರು. ಅತ್ತೆ ಆ ಸ್ಥಿತಿಯಲ್ಲೂ ತುಟಿ ಬಿಗಿದು, "ಸಕ್ಕರೆ... ಕಾಯಿಸಿ ಮಾಡಿದ್ದಲ್ವೇನೆ?" ಎಂದರು.

"ಅಮ್ಮಾ, ಬಾಯಿ ಮುಚ್ಕೊಂಡು ಕುಡಿ!"

ಬಾಯಿ ಮುಚ್ಚಿ ಕುಡಿಯುವುದು ಹೇಗೆಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಕಾಲು ಗಂಟೆಯಲ್ಲಿ ಬೆವರು ಆರಿತು, ಕೈ ಅದುರುವುದು ನಿಂತಿತು. ನಾನು ಮಾತ್ರ ನೆಲದ ಮೇಲೆ ಕೂತು ಅವರ ಪಾದ ಹಿಡಿದುಕೊಂಡಿದ್ದೆ, ಬಿಡಲಿಲ್ಲ.

ಅತ್ತೆ ಮೆಲ್ಲಗೆ ಹೇಳಿದರು: "ಶಿಬಿರದಲ್ಲಿ ನನ್ನ ಪಕ್ಕದ ಮಂಚದವ್ಳಿಗೆ ಒಂದು ಕಾಲಿರಲಿಲ್ಲ. ಸಕ್ಕರೆಯಿಂದ ತೆಗೆದಿದ್ದು. ಅವಳ ಸೊಸೆ ಅವಳನ್ನ ಬಚ್ಚಲಿಗೆ ಹೊತ್ಕೊಂಡು ಹೋಗ್ತಿತ್ತು. ನಂಗೆ ಹೆದ್ರಿಕೆ ಆಯ್ತು ಕಣೆ. ಈ ಸುಜಾತ ಗಾಳಿಗೆ ಹಾರಿ ಹೋಗೋ ಹಂಗಿದೆ. ನನ್ನ ಹೊರೋಕೆ ಇದ್ರ ಕೈಲಿ ಆಗ್ತದಾ?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಈ ಹೆಂಗಸಿಗೆ ಹೆದರಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಳು ಬಂತು. ಸರೋಜಕ್ಕ ಅದಕ್ಕೂ ಒಂದು ಲೋಟ ಸಕ್ಕರೆ ನೀರು ಕೊಟ್ಟರು.

ಅವತ್ತೇ ಮಧ್ಯಾಹ್ನ ಡಾಕ್ಟರ ಹತ್ತಿರ ಹೋದೆವು. ಅವರು ಮಾತ್ರೆ ಬದಲಾಯಿಸಿದರು. ಹಸಿ ತರಕಾರಿ ತಿನ್ನಿ, ಆದರೆ ದಿನಕ್ಕೆರಡು ಹೊತ್ತು ಬೇಯಿಸಿದ ಊಟ ಬೇಕೇ ಬೇಕು ಎಂದರು. ಅತ್ತೆ ಚೌಕಾಸಿ ಮಾಡಿ ಒಂದೂವರೆ ಹೊತ್ತಿಗೆ ಒಪ್ಪಿಸಿದರು. ಮೆಷಿನ್ ಬೇಕೇ ಎಂದು ನಾನು ಕೇಳಿದ್ದಕ್ಕೆ, "ಬ್ಯಾಡ ಅಂತ ಡಾಕ್ಟರ್ ಹೇಳಿದ್ರಾ?" ಎಂದರು. ಮುಂದಿನ ವಾರ ಸಾಗರದಿಂದ ಸ್ಟೀಲ್ ಪೆಟ್ಟಿಗೆ ಬಂತು. ಈ ಸಲ ಅಂಗಡಿಯವರನ್ನು ನಾನು ಏನೂ ಕೇಳಲಿಲ್ಲ, ಅವರೇ ಗಾಬರಿಯಾಗಿ, "ಮನೇಲಿ ಎಲ್ಲ ಆರಾಮಾ?" ಎಂದು ವಿಚಾರಿಸಿದರು.

ಯೋಚಿಸಿದರೆ ನಾಚಿಕೆಯಾಗುತ್ತದೆ. ಬೆಂಕಿಗೆ, ಬೂಷ್ಟಿಗೆ, ಕರೆಂಟಿಗೆ, ಪೇಟೆಯ ಬಾಯಿಗೆ, ಸರೋಜಕ್ಕನ ಕಣ್ಣಿಗೆ ಹೆದರಿದ ನಾನು, ದಿನಾ ಬೆಳಿಗ್ಗೆ ಅರೆಹೊಟ್ಟೆಯ ಅತ್ತೆಗೆ ನನ್ನ ಕೈಯಾರೆ ಕೊಡುತ್ತಿದ್ದ ಒಂದು ಮಾತ್ರೆಗೆ ಹೆದರಿರಲಿಲ್ಲ. ಅಷ್ಟಾದರೂ ಬುದ್ಧಿ ಬಂದಿದೆಯೇ ಎಂದರೆ, ಇಲ್ಲ. ಪೆಟ್ಟಿಗೆಯಿಂದ ರೊಟ್ಟಿ ತೆಗೆದಾಗಲೆಲ್ಲ ಮೊದಲ ತುಂಡು ನಾನೇ ತಿಂದು, ಅರ್ಧ ಗಂಟೆ ಕಾದು, ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಅತ್ತೆಗೆ ಕೊಡುತ್ತೇನೆ. ಒಂದು ತುಂಡಿನಲ್ಲಿ ವಿಷ ಗೊತ್ತಾಗದೆ ಹೋಗಬಹುದೆಂದು ಎರಡನೆಯದು. ಮೇಲಿನ ತಟ್ಟೆಯದು ಬೇರೆ, ಕೆಳಗಿನದು ಬೇರೆ ಎಂದು ಮೂರನೆಯದು. ಉಪ್ಪು, ಜೀರಿಗೆ, ಹಸಿಮೆಣಸು ಹಾಕಿದ ಆ ರೊಟ್ಟಿ ಪಟ್ಟೆಂದು ಮುರಿಯುವ ಸದ್ದಿಗೇ ಬಾಯಲ್ಲಿ ನೀರು ಬರುತ್ತದೆ. ಮೊನ್ನೆ ನಾನು ಹೀಗೆ ಪ್ರಾಣದ ಹಂಗು ತೊರೆದು ಐದನೆಯ ತುಂಡನ್ನು ಪರೀಕ್ಷಿಸುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಬಂತು:

"ಸುಜಾತ, ನೀನು ಸಾಯೋದು ತಡ ಆಗೋ ಹಂಗಿದ್ರೆ, ನಂಗೆ ಎರಡು ಉಳ್ಸು."