ಅರ್ಧ ಹಾಡಿನ ಮಾಮಾ

ನಮ್ಮ ಸೋದರಮಾವ ತನ್ನ ಜೀವಮಾನದಲ್ಲಿ ಒಂದೇ ಒಂದು ಹಾಡನ್ನೂ ಪೂರ್ತಿ ಹಾಡಿದವನಲ್ಲ. ಆದರೆ ಬರೀ ಅರ್ಧರ್ಧ ಹಾಡಿಯೇ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳಲ್ಲಿ ನನ್ನ ಮಾನವನ್ನು ಪೂರ್ತಿ ಕಳೆದಿದ್ದಾನೆ!

ಹಿರೋಳ್ಳಿಯ ಭಜನಾ ಮೇಳದಲ್ಲಿ ಮಾಮಾ ಹಿಂದೆ ಹಿಡಿಯುವವನು. ಮುಂದಿನವನು ಒಂದು ಸಾಲು ಹಾಡಿ ಬಿಡಬೇಕು, ಹಿಂದಿನವನು ಪಲ್ಲವಿ ಎತ್ತಿಕೊಳ್ಳಬೇಕು. ಮುಂದಿನ ಸಾಲನ್ನೂ ನೀನೇ ಹಾಡು ಎಂದು ಯಾರಾದರೂ ಒತ್ತಾಯಿಸಿದರೆ, ಗೊತ್ತಿಲ್ಲದೆ ಮಂದಿಯ ಹೊಲದಲ್ಲಿ ಕಾಲಿಟ್ಟವನಂತೆ ಹಿಂದೆ ಸರಿಯುತ್ತಿದ್ದ. ಮೇಳವೇನೋ ನಿಂತುಹೋಯಿತು. ಅದರಿಂದ ಊರಿಗೆ ದೊರೆತ ಶಾಂತಿಯನ್ನು ಕಂಡು ಸಹಿಸಲಾರದೆ ವಿಧಿಯು ಮಾಮಾನಿಗೆ ಒಂದು ಇಯರ್‌ಫೋನ್ ದಯಪಾಲಿಸಿತು.

ಅದರ ಜನ್ಮಸ್ಥಾನ ಆಳಂದದ ಬಸ್‌ಸ್ಟ್ಯಾಂಡಿನ ಮುಂದಿನ ಒಂದು ತಳ್ಳುಗಾಡಿ. ಬಾಚಣಿಕೆಗೂ ಇಲಿ ಪಾಷಾಣಕ್ಕೂ ನಡುವೆ ಜೋತಾಡುತ್ತಿತ್ತು. ಗ್ಯಾರಂಟಿ ಎಷ್ಟು ದಿನ ಎಂದು ನಾನು ಗಂಭೀರವಾಗಿ ವಿಚಾರಿಸಿದೆ. ಈ ಗಾಡಿ ಇಲ್ಲಿ ನಿಂತಿರುವವರೆಗೆ ಎಂದ ಗಾಡಿಯವ. ಮರುದಿನ ಗಾಡಿ ಇರಲಿಲ್ಲ.

ಇಯರ್‌ಫೋನ್ ಮಾತ್ರ ಉಳಿಯಿತು. ಒಂದು ಕಿವಿಯ ರಬ್ಬರು ಬಿದ್ದುಹೋದಾಗ ಮಾಮಾ ಅದಕ್ಕೆ ಹತ್ತಿ ಸುತ್ತಿದ. ವೈರು ಕೊರಳಿನ ಶಿವದಾರಕ್ಕೆ ಸುತ್ತಿಕೊಳ್ಳುತ್ತಿತ್ತು; ಲಿಂಗಪೂಜೆಯ ಹೊತ್ತಿಗೆ ಯಾವುದು ದೇವರ ದಾರ, ಯಾವುದು ಹಾಡಿನ ದಾರ ಎಂದು ಬಿಡಿಸುವ ಕೆಲಸ ನಮ್ಮ ಅವ್ವನದು. ತಮ್ಮನನ್ನು ಬೈಯುತ್ತಲೇ ಬಿಡಿಸುತ್ತಿದ್ದಳು.

ಈಗ ನನ್ನ ಸಂಕಟವನ್ನು ಕೇಳಿ. ಮೊಬೈಲಿನಲ್ಲಿ ಹಚ್ಚಿದ ಹಾಡಿನ ಮುಂದಿನವನು ಹಾಡುವುದು ಮಾಮಾನ ಕಿವಿಯೊಳಗೆ. ಅದು ನಮಗಾರಿಗೂ ಕೇಳದು. ಪಾಳಿ ಬಂದಾಗ ಮಾಮಾ ಪಲ್ಲವಿ ಹಿಡಿಯುವುದು ಮಾತ್ರ ಲೋಕಕ್ಕೆಲ್ಲ ಕೇಳುತ್ತದೆ. ಎರಡೂ ಕಿವಿಗೆ ತುರುಕಿಕೊಂಡವನಿಗೆ ತನ್ನ ದನಿಯ ಅಳತೆ ಹೇಗೆ ತಿಳಿದೀತು? ಸ್ಪೀಕರಿಗಾದರೂ ಹಚ್ಚು, ಹಿಂದುಮುಂದು ಎರಡೂ ಕೇಳಿದರೆ ಜನ ಹಾಡು ಎಂದುಕೊಂಡಾರು ಎಂದು ಬೇಡಿಕೊಂಡೆ.

“ಸ್ಪೀಕರಿನಾಗ ಅದು ಕೇಳಂಗಿಲ್ಲೋ ಅಳಿಯಾ” ಎಂದ.

ಅದು ಎಂದರೆ ಯಾವುದು? ನಾನು ಕೇಳುವಷ್ಟರಲ್ಲಿ ಹತ್ತಿಯ ಬಿರಡೆ ಕಿವಿಗೆ ಬಿದ್ದಾಗಿತ್ತು.

ಮೊದಲ ಮಾನಹಾನಿ ಆಳಂದದಲ್ಲಿ. ನಿವೃತ್ತ ಶಿಕ್ಷಕರ ಸಭೆ, ಅಧ್ಯಕ್ಷತೆ ನನ್ನದು. ತೀರಿಕೊಂಡ ಹಿರಿಯ ಮಾಸ್ತರರೊಬ್ಬರಿಗಾಗಿ ಎಲ್ಲರೂ ಎದ್ದು ತಲೆ ಬಾಗಿಸಿ ಮೌನವಾಗಿ ನಿಂತಿದ್ದೆವು. ಫ್ಯಾನು ತಿರುಗುವ ಸಪ್ಪಳ ಬಿಟ್ಟರೆ ಬೇರೇನಿಲ್ಲ. ಆಗ ಹಿಂದಿನ ಸಾಲಿನಿಂದ, ಸ್ವರ್ಗಕ್ಕೂ ಮುಟ್ಟುವಂತೆ: “ಎದ್ದೇಳೋ ತಮ್ಮಾ, ಎದ್ದೇಳೋ!”

ಮೃತರು ಏಳಲಿಲ್ಲ, ಅದೊಂದು ಪುಣ್ಯ. ಉಳಿದವರು ಮಾತ್ರ ಅಧ್ಯಕ್ಷರ ಮುಖ ನೋಡುತ್ತ ನಿಂತರು.

ಎರಡನೆಯದು ಅಫಜಲಪುರದಿಂದ ಸೊನ್ನಕ್ಕೆ ಹೋಗುವ ಬಸ್ಸಿನಲ್ಲಿ. ತನಿಖೆಯವರು ಹತ್ತಿ, ಟಿಕೆಟ್ ಇಲ್ಲದವರು ಯಾರಿದ್ದೀರಿ ಎಂದು ಕೇಳಿದ್ದೇ ತಡ, ನನ್ನ ಬಾಜೂಕಿನ ಸೀಟಿನಿಂದ “ನಾನಲ್ಲೋ ಗುರುವೇ, ನಾನಲ್ಲೋ!” ಎಂದು ಕೇಳಿಬಂತು. ಇಷ್ಟು ರಾಗವಾಗಿ ಅಲ್ಲಗಳೆದವನನ್ನು ಯಾವ ಅಧಿಕಾರಿ ಬಿಟ್ಟಾನು? ನೇರ ನಮ್ಮಲ್ಲಿಗೇ ಬಂದ. ಮಾಮಾನ ಟಿಕೆಟ್ ಎಲ್ಲಿ? ಕಿಸೆಯಲ್ಲಿಲ್ಲ, ಚೀಲದಲ್ಲಿಲ್ಲ. ಸಡಿಲಾದ ಇಯರ್‌ಫೋನ್ ಪಿನ್ನು ಅಲುಗಾಡಬಾರದೆಂದು ಮಾಮಾ ಟಿಕೆಟನ್ನು ಮಡಿಚಿ ಮೊಬೈಲಿನ ತೂತಿಗೆ ತುರುಕಿದ್ದ! ತನಿಖೆಯವ ಉಗುರಿನಿಂದ ಎಳೆದು ತೆಗೆದು, ಬಿಡಿಸಿ ಓದಿ, ಮತ್ತೆ ಮಡಿಚಿ ತಾನೇ ತುರುಕಿಕೊಟ್ಟ. ಸರಕಾರದ ಮೇಲೆ ನನಗೆ ಗೌರವ ಬಂದದ್ದು ಅದೇ ಮೊದಲು. ನಾಚಿಕೆ ಮಾತ್ರ ಹಳೆಯದೇ.

ಇಷ್ಟಾದರೂ ಮಗಳಿಗೆ ನೋಡಿದ ಸಂಬಂಧದ ಮಾತಿಗೆ ಜೇವರ್ಗಿ ಕಡೆಯ ಕೊಳಕೂರಕ್ಕೆ ಹೋಗುವಾಗ, ಮಾಮಾನನ್ನು ಕರೆದುಕೊಂಡೇ ಹೋಗಬೇಕೆಂದು ಅವ್ವನ ಅಪ್ಪಣೆಯಾಯಿತು. ಮನೆಯ ಗಂಡಸರಲ್ಲಿ ಅವನೇ ಹಿರಿಯ. ನಮ್ಮ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿದ್ದ ಸಂಬಂಧ. ಮಗಳು ಬಾಯಿಬಿಟ್ಟು ಹೇಳದಿದ್ದರೂ ಹುಡುಗನ ಫೋಟೋವನ್ನು ಯಾರಿಗೂ ತಿರುಗಿ ಕೊಟ್ಟಿರಲಿಲ್ಲ. ಇದು ಕೆಡಬಾರದು. ಕೊಳಕೂರದ ಹೊಸ್ತಿಲ ಮುಂದೆ ನಿಲ್ಲಿಸಿಕೊಂಡು, ಶಾಲೆಯಲ್ಲಿ ಮಕ್ಕಳ ಉಗುರು ನೋಡುತ್ತಿದ್ದ ಹಾಗೆ, ಮಾಮಾನ ಎರಡೂ ಕಿವಿ ನೋಡಿದೆ. ಖಾಲಿ ಇದ್ದವು. ಆದರೆ ರುಮಾಲು ಎಂಬ ವಸ್ತು ಕಿವಿಯ ಮೇಲಕ್ಕೂ ಇಳಿಯಬಲ್ಲದು ಎಂಬುದು ನನ್ನಂಥ ಪಂಡಿತನಿಗೆ ಹೊಳೆಯಲಿಲ್ಲ.

ಹುಡುಗನ ತಂದೆ ತಮ್ಮ ತೊಗರಿ ಹೊಲ, ಟ್ರ್ಯಾಕ್ಟರು, ಬಾವಿ, ಹೊಸದಾಗಿ ಕಟ್ಟಿಸಿದ ಮಾಳಿಗೆ ಎಲ್ಲವನ್ನೂ ಒಂದೊಂದಾಗಿ ವರ್ಣಿಸಿ, ದೇವರು ಏನೂ ಕಡಿಮೆ ಮಾಡಿಲ್ಲ ನೋಡಿರಿ ಎಂದು ಮೀಸೆ ತೀಡಿಕೊಂಡರು. ಮೂಲೆಯ ರುಮಾಲಿನೊಳಗಿಂದ ಉತ್ತರ ಬಂತು:

“ಬರಿಗೈಯೇ ತಂದೆ, ಬರಿಗೈಯೇ!”

ಭೂಮಿ ಬಾಯಿ ಬಿಡುತ್ತದೆ ಎನ್ನುತ್ತಾರಲ್ಲ, ನನಗೆ ಬೇಕಾದಾಗ ಅದು ಎಂದೂ ಬಿಟ್ಟಿಲ್ಲ. ಒಳಮನೆಯ ಬಳೆ ಸಪ್ಪಳವೂ ನಿಂತಿತು. ಮೀಸೆಯ ಮೇಲಿನ ಕೈ ಅಲ್ಲೇ ಉಳಿಯಿತು. ಕೊನೆಗೆ ಹುಡುಗನ ತಂದೆ, ಆಮೇಲೆ ತಿಳಿಸುತ್ತೇವೆ ಎಂದರು. ಹೆಣ್ಣು ಹೆತ್ತವರಿಗೆ ಇದಕ್ಕಿಂತ ಕೆಟ್ಟ ಮಾತು ಕನ್ನಡದಲ್ಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ನಾನು ಮಾಮಾನ ಕಡೆ ತಿರುಗಲೇ ಇಲ್ಲ. ಮನೆಯಲ್ಲಿ ಮಗಳ ಮುಖ ಹೇಗೆ ನೋಡಲಿ? ಆ ವೈರನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕೆಂದು ಕೈ ಚಾಚುತ್ತಿದ್ದೆ, ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಕೊಳಕೂರದವರು.

“ಮಾಸ್ತರ್ರ, ನಮ್ಮ ಕಡಿಂದ ಒಪ್ಪಿಗಿ ಅದರಿ. ಆದ್ರ ನಮ್ಮವ್ವ ನೀವು ಹೋದಾಗಿಂದ ಒಂದ ಸಮನ ಕೇಳಾಕತ್ತಾಳ, ಆ ಹಾಡಿನ ಮುಂದಿಂದು ಏನರಿ? ಹಿರಿಯರು ಹಿಂದಿಂದಷ್ಟ ಹೇಳಿ ಹೋಗ್ಯಾರ.”

ಕೇಳಿ ಹೇಳುತ್ತೇನೆ ಎಂದು ಫೋನಿಟ್ಟೆ. ಮುಂದಿನ ಸಾಲು ಹೇಳು ಎಂದು ಮಾಮಾನನ್ನು ಅಲುಗಾಡಿಸಿದೆ.

“ಅದು ನಂದಲ್ಲೋ. ಅಂವಂದು.”

ಯಾರದು ಎಂದೆ. ಮಾಮಾ ಹತ್ತಿ ಸುತ್ತಿದ ತುದಿಯನ್ನು ಕಿವಿಯಿಂದ ತೆಗೆದು, ಧೋತರದ ಅಂಚಿಗೆ ಒರೆಸಿ, ನನ್ನ ಕಿವಿಗೆ ಇಟ್ಟ.

ಪೇಟಿ ಇಲ್ಲ, ತಬಲಾ ಇಲ್ಲ. ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಒಬ್ಬ ಮುದುಕ ಹಾಡುತ್ತಿದ್ದ: ‘ತುಂಬಿದ ಕಣಜಕ ಕೀಲಿಯ ಹಾಕಿ ಹೊಂಟವನ ಕೈ ನೋಡಿರೋ…’ ಅಷ್ಟಕ್ಕೇ ನಿಂತ. ಪಲ್ಲವಿ ಬರಲಿಲ್ಲ. ಬರೀ ತಾಳ, ಅದರ ಕೆಳಗೆ, ಆಳದ ಬಾವಿಯಿಂದ ಕೊಡ ಸೇದಿದ ಹಾಗೆ, ಸ್ಪೀಕರಿನಲ್ಲಿ ಕೇಳಿಸದಷ್ಟು ಸಣ್ಣಗೆ, ಕಷ್ಟಪಟ್ಟು ಎಳೆದುಕೊಳ್ಳುವ ಉಸಿರು.

ಅವನು ಮೇಳದಲ್ಲಿ ಮುಂದೆ ಹಾಡುತ್ತಿದ್ದ ಮಾಮಾನ ಗೆಳೆಯ. ಕೊನೆಗಾಲದಲ್ಲಿ ದಮ್ಮು ಹತ್ತಿ ಅಫಜಲಪುರದಲ್ಲಿ ಮಗಳ ಮನೆಯಲ್ಲಿ ಮಲಗಿದ್ದನಂತೆ. ಮೊಬೈಲಿನಲ್ಲಿ ತನ್ನ ಸಾಲುಗಳನ್ನಷ್ಟೇ ತುಂಬಿ, ಹಿಂದಿನದನ್ನು ನಿನಗೆ ಬಿಟ್ಟಿದ್ದೇನೆ ಎಂದು ಕಳಿಸಿದ್ದನಂತೆ.

“ಹಿಂದಿನಾವ ಹಿಡಿಯೋದು ಯಾಕ ಹೇಳು?” ಎಂದ ಮಾಮಾ. “ಮುಂದಿನಾವ ಉಸುರು ತಗೊಳ್ಲಿ ಅಂತ. ನಾ ಹಿಡೀಲಿಲ್ಲಂದ್ರ ಅಂವಗ ಉಸುರು ಎಲ್ಲಿಂದ ಬರ್ತದ?”

ಕಿವಿಯಲ್ಲಿ ಇನ್ನೊಂದು ಸಾಲು ಮುಗಿಯಿತು. ತಾಳ ಕಾಯುತ್ತಿತ್ತು. ಮಾಮಾ ಬಾಯಿ ತೆರೆಯಲಿಲ್ಲ. ನನ್ನ ಮೊಣಕಾಲಿನ ಮೇಲೆ ಬೆರಳಾಡಿಸುತ್ತ ನನ್ನನ್ನೇ ನೋಡಿದ.

ನಿವೃತ್ತ ಶಿಕ್ಷಕರ ಸಭೆಯ ಅಧ್ಯಕ್ಷನಾದ ನಾನು ಬಸ್ಸಿನ ಆಚೆ ಈಚೆ ಒಮ್ಮೆ ನೋಡಿದೆ.

“ಬರಿಗೈಯೇ ತಂದೆ, ಬರಿಗೈಯೇ!”

ಬಸ್ಸೆಲ್ಲ ತಿರುಗಿ ನನ್ನತ್ತ ನೋಡಿತು. ಕಿವಿಯೊಳಗೆ ಅವನು ಉಸಿರು ಎಳೆದುಕೊಂಡು ಮುಂದಿನ ಸಾಲಿಗೆ ಹೋದ.